ಗೇಟಿನಾಚೆಯ ಸಿಗರೇಟ್ ಮೋಟುಗಳು

ನಮ್ಮ ವಿಶ್ವವಿದ್ಯಾಲಯವನ್ನು ಧೂಮಪಾನ ಮುಕ್ತ ಎಂದು ಘೋಷಿಸಿದಾಗ ಕ್ಯಾಂಪಸ್ಸಿನ ಸ್ವಚ್ಛತೆಯ ಹೊಣೆ ನನ್ನ ಮೇಲಿತ್ತು. ಮೊದಲ ಕೆಲವು ತಿಂಗಳು ನನಗೆ ತುಂಬಾ ಖುಷಿಯಾಗಿತ್ತು. ಲೈಬ್ರರಿಯ ಮೆಟ್ಟಿಲು, ಹಾಸ್ಟೆಲ್ ಹಿಂಭಾಗ, ಲ್ಯಾಬ್ ಕಿಟಕಿಗಳ ಕೆಳಗಿನ ಜಾಗ, ಎಲ್ಲಾ ಕಡೆ ಸಿಗರೇಟ್ ಮೋಟುಗಳು ಕಡಿಮೆಯಾದವು. ಹಾಗಿರುವಾಗ ಒಂದು ಬೆಳಿಗ್ಗೆ ಹಿಂದಿನ ಗೇಟಿನ ಕಡೆ ಗುಡಿಸುವ ಅಕ್ಕ ನನ್ನನ್ನು ಕರೆದರು. "ಮೇಡಂ, ಒಳಗೆ ಕ್ಲೀನ್ ಆಗಿದೆ ಅಂತ ಎಲ್ಲರೂ ಹೇಳ್ತಾರೆ. ಒಂದ್ಸಲ ಇಲ್ಲಿ ಹೊರಗೆ ಬಂದು ನೋಡಿ" ಅಂದರು.

ಹೋಗಿ ನೋಡಿದೆ. ಗೇಟಿನಿಂದ ಬಸ್ ಸ್ಟಾಪಿನ ತನಕ ಫುಟ್‌ಪಾತಿನ ಅಂಚಿನುದ್ದಕ್ಕೂ ಮೋಟುಗಳು. ಕಾಂಪೌಂಡ್ ಗೋಡೆಯ ಬುಡದಲ್ಲಿ, ಮರದ ಕಟ್ಟೆಯ ಸುತ್ತ, ಚರಂಡಿಯ ಜಾಲರಿಯ ಮೇಲೆ. ಮೊದಲು ಒಳಗೆ ಹತ್ತಾರು ಕಡೆ ಹಂಚಿ ಬೀಳುತ್ತಿದ್ದದ್ದು ಈಗ ನಾಲ್ಕೈದು ಜಾಗಗಳಲ್ಲಿ ಒಟ್ಟಾಗಿ ಬೀಳುತ್ತಿತ್ತು.

ಕಚೇರಿಯಲ್ಲಿ ವಿಷಯ ಎತ್ತಿದಾಗ ಸಿಕ್ಕ ಮೊದಲ ಉತ್ತರ, "ಅದು ನಮ್ಮ ಜಾಗ ಅಲ್ಲ." ಕಾಗದದ ಮೇಲೆ ಅದು ಸರಿ. ಗೇಟಿನಾಚೆಯ ಫುಟ್‌ಪಾತ್ ನಗರಾಡಳಿತದ್ದು. ಆದರೆ ಅಲ್ಲಿ ನಿಂತು ಸೇದುವವರು ನಮ್ಮ ವಿದ್ಯಾರ್ಥಿಗಳು, ನಮ್ಮ ಸಿಬ್ಬಂದಿ, ನಮ್ಮಲ್ಲಿಗೆ ಬರುವ ಅತಿಥಿಗಳು. ಅವರನ್ನು ಅಲ್ಲಿಗೆ ಕಳಿಸಿದ್ದು ನಮ್ಮ ನಿಯಮ. ನಿಯಮ ಒಳ್ಳೆಯದೇ, ಅದರ ಬಗ್ಗೆ ನನಗೆ ಅನುಮಾನ ಇರಲಿಲ್ಲ, ಈಗಲೂ ಇಲ್ಲ. ಆದರೆ ಗೆರೆ ಎಳೆದವರು ಗೆರೆಯ ಆಚೆ ಬದಿಯನ್ನೂ ನೋಡಿಕೊಳ್ಳಬೇಕು ಎಂದು ನಾನು ವಾದಿಸಿದೆ. ಎರಡು ಸಭೆಗಳ ನಂತರ ಒಪ್ಪಿಗೆ ಸಿಕ್ಕಿತು. ನಗರಾಡಳಿತಕ್ಕೆ ಪತ್ರ ಬರೆದು ಗೇಟುಗಳ ಸುತ್ತಲಿನ ಫುಟ್‌ಪಾತನ್ನು ನಾವೇ ಗುಡಿಸುತ್ತೇವೆ, ಅಲ್ಲಿ ನಮ್ಮ ಡಬ್ಬ ಇಡುತ್ತೇವೆ ಎಂದು ಅನುಮತಿ ಪಡೆದೆವು. ಇದೇ ಕೆಲಸ ಮಾಡಹೊರಟವರು ಈ ಪತ್ರವನ್ನು ಮೊದಲು ಬರೆಯಿರಿ. ನಾವು ತಡವಾಗಿ ಬರೆದದ್ದರಿಂದ ಇಟ್ಟ ಎರಡು ಡಬ್ಬಗಳನ್ನು ಯಾರೋ ಎತ್ತಿಕೊಂಡು ಹೋದರು. ಯಾರನ್ನು ಕೇಳಬೇಕು ಎಂಬುದೇ ನಮಗೆ ಗೊತ್ತಿರಲಿಲ್ಲ.

ಇಷ್ಟು ಸಣ್ಣ ವಸ್ತುವಿಗೆ ಇಷ್ಟೆಲ್ಲ ಯಾಕೆ ಎಂದು ಹಲವರು ಕೇಳಿದರು. ಆ ಪ್ರಶ್ನೆಗೆ ಉತ್ತರ ಹೇಳಲು ನಾನೇ ಮೊದಲು ಓದಿಕೊಳ್ಳಬೇಕಾಯಿತು. ಸಿಗರೇಟಿನ ಫಿಲ್ಟರ್ ನೋಡಲು ಹತ್ತಿಯಂತೆ ಇರುತ್ತದೆ. ಆದರೆ ಅದು ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್. ಒಂದು ಫಿಲ್ಟರಿನಲ್ಲಿ ಕೂದಲಿಗಿಂತ ಸಣ್ಣ ಎಳೆಗಳು ಸುಮಾರು ಹನ್ನೆರಡು ಸಾವಿರಕ್ಕಿಂತ ಜಾಸ್ತಿ ಇರುತ್ತವೆ. ಮಣ್ಣಲ್ಲಿ ಬಿದ್ದರೆ ವರ್ಷಗಟ್ಟಲೆ ಉಳಿಯುತ್ತದೆ. ಸುಮ್ನೆ ಉಳಿಯುವುದೂ ಇಲ್ಲ. ಸೇದುವಾಗ ಹಿಡಿದಿಟ್ಟುಕೊಂಡ ನಿಕೋಟಿನ್, ಆರ್ಸೆನಿಕ್, ಸೀಸದಂಥ ವಿಷಗಳನ್ನು ನೀರಿಗೆ ಬಿಡುತ್ತದೆ. ಸ್ಯಾನ್ ಡಿಯಾಗೋದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಒಂದು ಲೀಟರ್ ನೀರಿಗೆ ಸುಮಾರು ಒಂದು ಸೇದಿದ ಮೋಟಿನಷ್ಟು ವಿಷ ಸೇರಿದರೆ, ಅದರಲ್ಲಿದ್ದ ಸಣ್ಣ ಮೀನುಗಳಲ್ಲಿ ಅರ್ಧದಷ್ಟು ನಾಲ್ಕು ದಿನದೊಳಗೆ ಸತ್ತವು. ಸಮುದ್ರದ ಮೀನಿಗೂ ಸಿಹಿನೀರಿನ ಮೀನಿಗೂ ಅದೇ ಗತಿ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 4.5 ಲಕ್ಷ ಕೋಟಿ ಮೋಟುಗಳು ಕಸವಾಗಿ ಬೀಳುತ್ತವೆ ಎಂಬ ಅಂದಾಜಿದೆ. ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತೇವಲ್ಲ, ಇದು ಹಾಗೆ ಕೂಡಿದ ವಿಷದ ಹಳ್ಳ.

ನಮ್ಮ ತೋಟದ ವಿಭಾಗದವರಿಗೆ ನಾನು ಇನ್ನೊಂದು ಅಧ್ಯಯನ ತೋರಿಸಿದೆ. ಇಂಗ್ಲೆಂಡಿನ ಸಂಶೋಧಕರು 2019ರಲ್ಲಿ ಮೋಟು ಬಿದ್ದ ಮಣ್ಣಲ್ಲಿ ಬೀಜ ಬಿತ್ತಿ ನೋಡಿದ್ದರು. ಕ್ಲೋವರ್ ಗಿಡದ ಮೊಳಕೆ 27% ಕಡಿಮೆಯಾಯಿತು, ಹುಲ್ಲಿನದು 10%. ಸೇದದ ಸಿಗರೇಟಿನ ಫಿಲ್ಟರ್ ಇದ್ದಲ್ಲೂ ತೊಂದರೆ ಕಂಡಿತ್ತು. ಹಿಂದಿನ ಗೇಟಿನ ಪಕ್ಕದ ಹುಲ್ಲು ಯಾಕೆ ಹಿಡಿಯುವುದಿಲ್ಲ ಎಂದು ತಲೆ ಕೆಡಿಸಿಕೊಂಡಿದ್ದವರು ಅವರು. ಅದಕ್ಕೆ ಮೋಟೇ ಕಾರಣ ಎಂದು ನಾನು ಹೇಳುವುದಿಲ್ಲ, ಜನ ತುಳಿಯುವುದೂ ಇತ್ತು. ಆದರೆ ಆ ದಿನದಿಂದ ಅವರು ನಮ್ಮ ಜೊತೆ ನಿಂತರು.

ಕೆಲಸ ಶುರು ಮಾಡಿದ್ದು ಎಣಿಕೆಯಿಂದ. ಗೋಡೆಯ ಹೊರಬದಿಯನ್ನು ಇಪ್ಪತ್ತು ಮೀಟರಿನ ತುಂಡುಗಳಾಗಿ ಗುರುತು ಮಾಡಿದೆವು. ಗುಡಿಸಿದ ನಂತರ ಸರಿಯಾಗಿ ಒಂದು ದಿನ ಬಿಟ್ಟು, ಅದೇ ಹೊತ್ತಿಗೆ, ಪ್ರತಿ ತುಂಡಿನಲ್ಲಿ ಎಷ್ಟು ಮೋಟು ಬಿದ್ದಿದೆ ಎಂದು ಕೈಗವಸು ಹಾಕಿಕೊಂಡು, ಚಿಮಟದಲ್ಲಿ ಎತ್ತಿ ಎಣಿಸಿದೆವು. ಗುಡಿಸದೆ ಎಣಿಸಿದರೆ ಹಳೆಯದೂ ಹೊಸದೂ ಸೇರಿ ಲೆಕ್ಕ ತಪ್ಪುತ್ತದೆ. ಮಳೆ ಬಂದ ದಿನದ ಲೆಕ್ಕವನ್ನು ಬಿಟ್ಟುಬಿಡಬೇಕು, ಅರ್ಧ ಚರಂಡಿಗೆ ಹೋಗಿರುತ್ತದೆ. ಮೂರು ವಾರ ಹೀಗೆ ಮಾಡಿ ಕ್ಯಾಂಪಸ್ ನಕ್ಷೆಯ ಮೇಲೆ ಕೆಂಪು ಚುಕ್ಕೆ ಇಟ್ಟೆವು. ಗೋಡೆಯ ಬಹುಪಾಲು ಉದ್ದ ಸ್ವಚ್ಛವಾಗಿಯೇ ಇತ್ತು. ಕಸವೆಲ್ಲ ಐದು ಜಾಗದಲ್ಲಿ.

ಈ ಎಣಿಕೆಯಲ್ಲಿ ನಾನು ನಿರೀಕ್ಷಿಸದೇ ಇದ್ದ ಒಂದು ಸಂಗತಿ ಹೊರಬಿತ್ತು. ಅದನ್ನು ಕಂಡುಹಿಡಿದವರೂ ಆ ಅಕ್ಕನೇ. "ಮೇಡಂ, ಗೇಟಿನ ಹತ್ರ ಬೀಳೋದು ಉದ್ದ ಇರುತ್ತೆ. ಮರದ ಕೆಳಗೆ ಬೀಳೋದು ಗಿಡ್ಡ" ಅಂದರು. ನೋಡಿದರೆ ನಿಜ. ಮರದ ಕಟ್ಟೆಯ ಹತ್ತಿರದ ಮೋಟುಗಳು ಫಿಲ್ಟರಿನ ತನಕ ಸೇದಿ ಮುಗಿಸಿದವು. ಅಲ್ಲಿ ಜನ ನಿಂತು, ಮಾತಾಡಿ, ನಿಧಾನವಾಗಿ ಸೇದುತ್ತಾರೆ. ಗೇಟಿನ ಬಾಯಲ್ಲಿ ಮತ್ತು ಬಸ್ ಸ್ಟಾಪಿನಲ್ಲಿ ಬಿದ್ದವು ಅರ್ಧ ಸೇದಿದವು. ಕ್ಲಾಸಿಗೆ ಹೊತ್ತಾಯಿತು, ಬಸ್ ಬಂತು, ಸೆಕ್ಯೂರಿಟಿಯವರು ನೋಡಿದರು, ಹೀಗೆ ಅವಸರದಲ್ಲಿ ಎಸೆದವು. ಎರಡೂ ಬೇರೆ ಬೇರೆ ಸಮಸ್ಯೆ. ನಿಂತು ಸೇದುವವರಿಗೆ ನಿಂತ ಜಾಗದಲ್ಲೇ ಡಬ್ಬ ಬೇಕು. ನಡೆಯುತ್ತಾ ಎಸೆಯುವವರಿಗೆ ಗೇಟು ತಲುಪುವ ಮೊದಲೇ, ದಾರಿಯಲ್ಲೇ ಕೈಗೆ ಸಿಗುವ ಹಾಗೆ ಬೇಕು. ಅಲ್ಲಿಯ ತನಕ ನಾವು ಎಲ್ಲಕ್ಕೂ ಒಂದೇ ಪರಿಹಾರ ಹುಡುಕುತ್ತಿದ್ದೆವು.

ಇದಕ್ಕೂ ಮೊದಲು ನಾವು ಎರಡು ತಪ್ಪು ಮಾಡಿದ್ದೆವು. ಒಂದು, ಬೋರ್ಡು. "ಇಲ್ಲಿ ಕಸ ಹಾಕಬೇಡಿ, ದಂಡ ವಿಧಿಸಲಾಗುವುದು" ಎಂದು ದೊಡ್ಡದಾಗಿ ಬರೆಸಿದೆವು. ದಂಡ ಹಾಕುವ ಅಧಿಕಾರ ಗೇಟಿನಾಚೆ ನಮಗಿರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಎರಡನೆಯದು ಇನ್ನೂ ಕೆಟ್ಟದ್ದು. ಗೇಟಿನ ಹತ್ತಿರ ಸೇದುವವರನ್ನು ಓಡಿಸಲು ಸೆಕ್ಯೂರಿಟಿಯವರಿಗೆ ಹೇಳಿದೆವು. ಅವರು ಓಡಿಸಿದರು. ಜನ ರಸ್ತೆ ದಾಟಿ ಎದುರಿನ ಮನೆಗಳ ಮುಂದೆ ನಿಂತರು. ಒಂದೇ ವಾರದಲ್ಲಿ ಆ ಮನೆಯವರಿಂದ ದೂರು ಬಂತು. ಒಬ್ಬ ತಾಯಿ ತನ್ನ ಮಗು ಅಂಗಳದಲ್ಲಿ ಬಿದ್ದ ಮೋಟನ್ನು ಬಾಯಿಗಿಡಲು ಹೋಗಿತ್ತು ಎಂದು ಹೇಳಿದಾಗ ನನಗೆ ಕೈಕಾಲು ತಣ್ಣಗಾಯಿತು. ಸಣ್ಣ ಮಕ್ಕಳಿಗೆ ಮೋಟಿನಲ್ಲಿರುವ ನಿಕೋಟಿನ್ ನಿಜಕ್ಕೂ ಅಪಾಯ. ಓಡಿಸುವುದನ್ನು ಆ ದಿನವೇ ನಿಲ್ಲಿಸಿದೆವು. ಚದುರಿದ ಕಸಕ್ಕಿಂತ ಒಂದು ಕಡೆ ಸೇರಿದ ಕಸವನ್ನು ನಿಭಾಯಿಸುವುದು ಎಷ್ಟೋ ಸುಲಭ.

ನಂತರ ಬಂದದ್ದು ಡಬ್ಬದ ಜಗಳ. ಆರೋಗ್ಯ ಕೇಂದ್ರದ ವೈದ್ಯರು ಗಟ್ಟಿಯಾಗಿ ವಿರೋಧಿಸಿದರು. ಧೂಮಪಾನ ಮುಕ್ತ ಎಂದು ಬರೆದ ಗೇಟಿನ ಪಕ್ಕ ಬೂದಿ ಡಬ್ಬ ಇಟ್ಟರೆ ಬನ್ನಿ, ಸೇದಿ ಎಂದು ಕರೆದ ಹಾಗಲ್ವಾ ಎಂಬುದು ಅವರ ಮಾತು. ಅದನ್ನು ತಳ್ಳಿಹಾಕುವ ಹಾಗಿರಲಿಲ್ಲ. ಡಬ್ಬದ ಸುತ್ತ ಜನ ಸೇರುತ್ತಾರೆ, ಬಾಗಿಲ ಬಳಿ ಹೊಗೆ ನಿಲ್ಲುತ್ತದೆ, ಸೇದದವರು ಅದರೊಳಗೆ ಹಾದು ಬರಬೇಕಾಗುತ್ತದೆ. ಇನ್ನೊಂದು ಕಡೆ, ಡಬ್ಬ ಇಲ್ಲದಿದ್ದರೆ ನೆಲವೇ ಡಬ್ಬ. ಅಮೆರಿಕದಲ್ಲಿ ಸಾರ್ವಜನಿಕ ಜಾಗಗಳಲ್ಲಿ ಜನರನ್ನು ಗಮನಿಸಿ ಮಾಡಿದ, 2009ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ನೂರಕ್ಕೆ 65 ಮೋಟುಗಳು ನೆಲಕ್ಕೇ ಬಿದ್ದಿದ್ದವು. ಬೂದಿ ಡಬ್ಬ ಒಂದೊಂದು ಹೆಚ್ಚಿದಂತೆ ಆ ಪ್ರಮಾಣ ಸುಮಾರು 9% ಇಳಿಯುತ್ತಿತ್ತು. ಇದನ್ನು ಸಭೆಯ ಮುಂದಿಟ್ಟೆ.

ಕೊನೆಗೆ ಇಬ್ಬರ ಮಾತೂ ಉಳಿಯುವ ದಾರಿ ಸಿಕ್ಕಿತು. ಗೇಟಿಗೆ ಅಂಟಿಕೊಂಡು ಡಬ್ಬ ಬೇಡ, ಬಾಗಿಲಿಂದ ಮತ್ತು ಕಿಟಕಿಗಳಿಂದ ಸಾಕಷ್ಟು ದೂರ ಇರಲಿ. ಅಲ್ಲಿ ಬೆಂಚು ಹಾಕಬಾರದು, ನೆರಳಿನ ಚಪ್ಪರ ಕಟ್ಟಬಾರದು. ಕೂತುಕೊಳ್ಳಲು ಅನುಕೂಲ ಮಾಡಿಕೊಟ್ಟರೆ ಮಾತ್ರ ಅದು ಕರೆದ ಹಾಗೆ. ಡಬ್ಬದ ಮೇಲಿನ ಬರಹ ಎರಡೇ ಸಾಲು: "ಮುಂದೆ ಧೂಮಪಾನ ಮುಕ್ತ ಜಾಗ. ಇಲ್ಲೇ ಆರಿಸಿ ಹಾಕಿ." ಅದರ ಕೆಳಗೆ, ಸಿಗರೇಟ್ ಬಿಡಲು ಮನಸ್ಸಿರುವವರಿಗೆ ಆರೋಗ್ಯ ಕೇಂದ್ರದ ಸಮಯ. ಈ ಕೊನೆಯ ಸಾಲನ್ನು ವೈದ್ಯರೇ ಬರೆದುಕೊಟ್ಟರು. ಡಬ್ಬ ನೋಡಿಯೇ ಬಂದೆ ಎಂದು ಹೇಳಿಕೊಂಡು ಕೆಲವರು ಅವರ ಬಳಿ ಹೋಗಿದ್ದಾರೆ. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಮಾಧಾನ ಕೊಟ್ಟದ್ದು ಅದು.

ಡಬ್ಬದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಾವು ಮೂರು ಬಗೆ ಬದಲಿಸಿದೆವು. ಮೊದಲು ಸಾಮಾನ್ಯ ಕಸದ ಬುಟ್ಟಿಯ ಮೇಲೆ ಬೂದಿ ತಟ್ಟೆ ಇದ್ದದ್ದು. ಆರದ ಮೋಟು ಒಳಗೆ ಜಾರಿ ಕಾಗದಕ್ಕೆ ಕಿಡಿ ಹತ್ತಿ ಹೊಗೆಯಾಡಿತು. ಪುಣ್ಯಕ್ಕೆ ಪಕ್ಕದಲ್ಲೇ ನೀರಿತ್ತು. ಎರಡನೆಯದು ಮೇಲೆ ಮರಳು ತುಂಬಿದ ಅಗಲವಾದ ಕುಂಡ. ಆರಿಸಲು ಮರಳು ಒಳ್ಳೆಯದು. ಆದರೆ ದಿನಾ ಜರಡಿ ಹಿಡಿಯಬೇಕು. ಒಂದು ದಿನ ತಪ್ಪಿದರೂ ಮೋಟುಗಳು ಕಾಡಿನಂತೆ ಎದ್ದು ನಿಲ್ಲುತ್ತವೆ, ಮಳೆ ಬಂದರೆ ಕಂದು ನೀರು ಉಕ್ಕಿ ಹರಿಯುತ್ತದೆ. ಮೂರನೆಯದು ಉಳಿಯಿತು: ಕಂಬಕ್ಕೆ ಬೀಗ ಹಾಕಿ ಬಿಗಿದ ಲೋಹದ ಡಬ್ಬ, ಮೇಲೆ ಮಳೆ ತಡೆಯುವ ಮುಚ್ಚಳ, ಮೋಟು ಮಾತ್ರ ತೂರುವಷ್ಟು ಸಣ್ಣ ತೂತು, ಪಕ್ಕದಲ್ಲಿ ಉಜ್ಜಿ ಆರಿಸಲು ಒರಟು ಲೋಹದ ಪಟ್ಟಿ. ತೂತು ಸಣ್ಣದಿದ್ದರೆ ಬೇರೆ ಕಸ ಬೀಳುವುದಿಲ್ಲ, ಗಾಳಿಯೂ ಕಡಿಮೆ, ಬೆಂಕಿ ಬೇಗ ಆರುತ್ತದೆ. ಎತ್ತರ ಸೊಂಟಕ್ಕಿಂತ ಸ್ವಲ್ಪ ಮೇಲೆ. ಕೆಳಗಿದ್ದರೆ ಯಾರೂ ಬಗ್ಗುವುದಿಲ್ಲ. ಬಣ್ಣ ಎದ್ದು ಕಾಣುವ ಹಳದಿ. ಅಂದವಾಗಿ ಕಾಣಲಿ ಎಂದು ಗೋಡೆಯ ಬಣ್ಣವನ್ನೇ ಬಳಿಸಿದ್ದ ಡಬ್ಬವೊಂದು ಖಾಲಿಯಾಗಿಯೇ ಇರುತ್ತಿತ್ತು.

ಲಂಡನ್ನಿನಲ್ಲಿ 2015ರಲ್ಲಿ ಮತದಾನದ ಡಬ್ಬ ಬಂದಿತ್ತು. ಎರಡು ತೂತು, ಮೇಲೊಂದು ಪ್ರಶ್ನೆ: ಅತ್ಯುತ್ತಮ ಆಟಗಾರ ಯಾರು, ರೊನಾಲ್ಡೊನಾ ಮೆಸ್ಸಿಯಾ? ಮೋಟನ್ನು ಹಾಕಿ ಮತ ಹಾಕಬಹುದು. ನಮ್ಮ ವಿದ್ಯಾರ್ಥಿಗಳೂ ಅಂಥದ್ದೊಂದನ್ನು ತಯಾರಿಸಿ ಬಸ್ ಸ್ಟಾಪಿನ ಹತ್ತಿರ ಇಟ್ಟರು. ಎರಡು ವಾರ ಚೆನ್ನಾಗಿ ತುಂಬಿತು, ಪ್ರಶ್ನೆ ಹಳತಾದ ಮೇಲೆ ಯಾರೂ ನೋಡಲಿಲ್ಲ. ಪ್ರಶ್ನೆ ಬದಲಿಸುವ ಕೆಲಸವನ್ನು ಯಾರಾದರೂ ತಪ್ಪದೆ ಮಾಡುವುದಾದರೆ ಮಾತ್ರ ಇದನ್ನು ಮಾಡಿ.

ಇನ್ನು ಗುಡಿಸುವ ವಿಷಯ. ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಇದೆ, ಮತ್ತು ಇದನ್ನು ಸಭೆಗಳಲ್ಲಿ ಯಾರೂ ಕೇಳುವುದಿಲ್ಲ. ಪೊರಕೆ ಮೋಟಿನ ಮೇಲೆ ಜಾರಿಕೊಂಡು ಹೋಗುತ್ತದೆ. ಫುಟ್‌ಪಾತಿನ ಕಲ್ಲುಗಳ ಸಂದಿಯಲ್ಲಿ ಕೂತ ಒದ್ದೆ ಮೋಟು ಎಷ್ಟು ಗುಡಿಸಿದರೂ ಏಳುವುದಿಲ್ಲ. ಅದಕ್ಕೆ ಉದ್ದ ಹಿಡಿಯ ಚಿಮಟ ಬೇಕು, ಬಗ್ಗದೇ ಎತ್ತುವಂಥದ್ದು. ನಾವು ಅದನ್ನು ತರಿಸುವ ತನಕ ನಮ್ಮ ಅಕ್ಕಂದಿರು ಬರಿಗೈಯಲ್ಲಿ ಎತ್ತುತ್ತಿದ್ದರು. ಆ ವಿಷಯ ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ. ಕೈಗವಸನ್ನೂ ಚಿಮಟವನ್ನೂ ಕೊಡದೆ ಮೋಟು ಎತ್ತಿ ಎಂದು ಯಾರಿಗೂ ಹೇಳಬೇಡಿ. ಗಾಳಿ ಊದುವ ಯಂತ್ರವನ್ನು ಗೋಡೆಯ ಬದಿಯಲ್ಲಿ ಪೂರ್ತಿ ನಿಲ್ಲಿಸಿದೆವು. ಅದು ಎಲೆಗಳ ಜೊತೆ ಮೋಟುಗಳನ್ನೂ ನೇರವಾಗಿ ಚರಂಡಿಗೆ ತಳ್ಳುತ್ತಿತ್ತು.

ಗುಡಿಸುವ ಹೊತ್ತನ್ನೂ ಬದಲಿಸಿದೆವು. ಮೊದಲು ಬೆಳಿಗ್ಗೆ ಒಂದೇ ಸಲ. ಈಗ ಬೆಳಿಗ್ಗೆ ಕ್ಲಾಸು ಶುರುವಾಗುವ ಮುಂಚೆ ಒಮ್ಮೆ, ಮಧ್ಯಾಹ್ನದ ಬಿಡುವಿನ ನಂತರ ಐದು ಜಾಗಗಳಲ್ಲಿ ಮಾತ್ರ ಇನ್ನೊಮ್ಮೆ. ಇದಕ್ಕೊಂದು ಕಾರಣ ಇದೆ. ಕಸ ಬಿದ್ದ ಜಾಗದಲ್ಲಿ ಜನ ಇನ್ನೂ ಕಸ ಹಾಕುತ್ತಾರೆ, ಸ್ವಚ್ಛ ಜಾಗದಲ್ಲಿ ಕೈ ಹಿಂಜರಿಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಜೊತೆಗಾರರು 1990ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ಮಧ್ಯಾಹ್ನದ ಗುಡಿಸುವಿಕೆ ಶುರುವಾದ ಮೇಲೆ ಸಂಜೆಯ ಲೆಕ್ಕ ಇಳಿಯಿತು. ಮರದ ಕಟ್ಟೆಯ ಹತ್ತಿರ ಈ ಬದಲಾವಣೆ ಕಣ್ಣಿಗೇ ಕಾಣುತ್ತಿತ್ತು.

ಒಂದು ವಿಷಯ ನನ್ನನ್ನು ತುಂಬಾ ಕಾಡಿತು. ನಾವು ಒಣ ಎಲೆಗಳನ್ನೆಲ್ಲ ಗುಂಡಿಗೆ ಹಾಕಿ ಗೊಬ್ಬರ ಮಾಡುತ್ತೇವೆ. ಒಂದು ಸಲ ಮಾಗಿದ ಗೊಬ್ಬರ ಜರಡಿ ಹಿಡಿಯುವಾಗ ಬಿಳಿ, ನಾರುನಾರಾದ ಉಂಡೆಗಳು ಸಿಕ್ಕವು. ಎಲೆ, ಕಾಗದ ಎಲ್ಲ ಕರಗಿ ಕಪ್ಪು ಮಣ್ಣಾಗಿತ್ತು, ಫಿಲ್ಟರುಗಳು ಹಾಗೇ ಇದ್ದವು. ಗೋಡೆಯ ಹೊರಗೆ ಗುಡಿಸಿದ ಎಲೆಗಳ ಜೊತೆ ಬಂದವು. ನಮ್ಮ ಗಿಡಗಳಿಗೆ ನಾವೇ ಅದನ್ನು ಉಣಿಸುತ್ತಿದ್ದೆವು. ಅಂದಿನಿಂದ ಹೊರಗಿನ ಎಲೆ ಗೊಬ್ಬರದ ಗುಂಡಿಗೆ ಹೋಗುವುದಿಲ್ಲ. ನಿಮ್ಮಲ್ಲಿ ಗೊಬ್ಬರದ ಗುಂಡಿ ಇದ್ದರೆ ನಾಳೆಯೇ ಒಂದು ಬುಟ್ಟಿ ಜರಡಿ ಹಿಡಿದು ನೋಡಿ.

ಚರಂಡಿಯ ಬಾಯಿಗಳಿಗೆ ಸಣ್ಣ ಕಣ್ಣಿನ ಬುಟ್ಟಿಗಳನ್ನು ಇಳಿಬಿಟ್ಟೆವು. ಮಳೆಗಾಲಕ್ಕೆ ಮುಂಚೆ ವಾರಕ್ಕೊಮ್ಮೆ, ಮಳೆ ಶುರುವಾದ ಮೇಲೆ ದಿನಾ ಎತ್ತಿ ಖಾಲಿ ಮಾಡಬೇಕು, ಇಲ್ಲದಿದ್ದರೆ ನೀರು ಕಟ್ಟುತ್ತದೆ. ಆದರೆ ಬುಟ್ಟಿ ಮೋಟನ್ನು ಹಿಡಿಯುತ್ತದೆ, ಅದರಿಂದ ಇಳಿದ ವಿಷವನ್ನಲ್ಲ. ಬರ್ಲಿನ್ನಿನ ಸಂಶೋಧಕರು 2014ರಲ್ಲಿ ತೋರಿಸಿದ ಪ್ರಕಾರ ನೀರಲ್ಲಿ ನೆನೆದ ಮೋಟಿನ ನಿಕೋಟಿನ್‌ನಲ್ಲಿ ಅರ್ಧದಷ್ಟು ಸುಮಾರು ಅರ್ಧ ಗಂಟೆಯೊಳಗೇ ಹೊರಬರುತ್ತದೆ. ಹಾಗಾಗಿ ಮೋಡ ಕವಿದ ದಿನ ಮಳೆ ಬರುವ ಮುಂಚೆಯೇ ಐದೂ ಜಾಗಗಳನ್ನು ಒಮ್ಮೆ ಎತ್ತಿಸುತ್ತೇವೆ.

ಸೇದುವವರ ಜೊತೆ ಮಾತಾಡಿದ್ದು ನಾನು ಮೊದಲೇ ಮಾಡಬೇಕಿದ್ದ ಕೆಲಸ. ಬೈಯುವ ದನಿ ಇಲ್ಲದೆ, ಮರದ ಕೆಳಗೆ ಹೋಗಿ ನಿಂತು ಕೇಳಿದೆ. ಒಬ್ಬ ಹುಡುಗ, "ಮೇಡಂ, ಕಸದ ಬುಟ್ಟಿಗೆ ಹಾಕಿದ್ರೆ ಬೆಂಕಿ ಹತ್ತುತ್ತೆ ಅಂತ ಕಾಲಲ್ಲಿ ಹೊಸಕ್ತೀನಿ" ಅಂದ. ಅದು ಅಸಡ್ಡೆಯ ಮಾತಲ್ಲ. ಅವನಿಗೆ ಒಂದು ಕಾಳಜಿ ಇತ್ತು, ಅದಕ್ಕೆ ತಕ್ಕ ಡಬ್ಬ ನಾವು ಕೊಟ್ಟಿರಲಿಲ್ಲ. ಬಹಳಷ್ಟು ಜನ ಫಿಲ್ಟರ್ ಹತ್ತಿಯದು, ಕೊಳೆತುಹೋಗುತ್ತದೆ ಎಂದೇ ನಂಬಿದ್ದರು. ಪ್ಲಾಸ್ಟಿಕ್ ಎಂದರೆ ಒಪ್ಪಲಿಲ್ಲ. ಐರೋಪ್ಯ ಒಕ್ಕೂಟದಲ್ಲಿ 2021ರಿಂದ ಸಿಗರೇಟ್ ಪ್ಯಾಕಿನ ಮೇಲೆ ಫಿಲ್ಟರಿನಲ್ಲಿ ಪ್ಲಾಸ್ಟಿಕ್ ಇದೆ ಎಂಬ ಗುರುತು ಕಡ್ಡಾಯ. ಆ ಪ್ಯಾಕಿನ ಚಿತ್ರವನ್ನು ಫೋನಿನಲ್ಲಿ ತೋರಿಸಿದೆ. ಒಬ್ಬಳು ಸಂಶೋಧನಾ ವಿದ್ಯಾರ್ಥಿನಿ ಸುಮ್ಮನೆ ಚಿತ್ರ ನೋಡಿದಳು, ಕಾಲ ಕೆಳಗಿನದನ್ನು ಎತ್ತಿ ಡಬ್ಬಕ್ಕೆ ಹಾಕಿದಳು. ನಂತರ ನಾವು ಮುಚ್ಚಳ ಇರುವ ಸಣ್ಣ ಜೇಬು ಡಬ್ಬಿಗಳನ್ನು ಹಂಚಿದೆವು. ನಡೆಯುತ್ತಾ ಎಸೆಯುವವರಿಗೆ ಅದೇ ಸರಿಯಾದ ಉತ್ತರ. ಎಲ್ಲರಿಗೂ ಹಂಚಿದರೆ ವ್ಯರ್ಥ. ಕೇಳಿ ತೆಗೆದುಕೊಂಡವರು ಮಾತ್ರ ಬಳಸುತ್ತಾರೆ.

ಡಬ್ಬಗಳಿಂದ ಬಂದ ಮೋಟುಗಳನ್ನು ಈಗ ಒಣಗಿಸಿ, ಬೇರೆ ಮುಚ್ಚಿದ ಚೀಲದಲ್ಲಿ ಕಟ್ಟಿ, ಮರುಬಳಕೆಗೆ ಹೋಗದ ಕಸದ ಜೊತೆ ಕೊಡುತ್ತೇವೆ. ಮೋಟಿನಿಂದ ದಿಂಬು, ಬೊಂಬೆ ಮಾಡುವ ಯೋಜನೆಯೊಂದಿಗೆ ಕೆಲವರು ಬಂದಿದ್ದರು. ನಾನು ಬೇಡ ಎಂದೆ. ಅದರೊಳಗೆ ಇರುವ ವಿಷ ಪೂರ್ತಿ ಹೋಗಿದೆ ಎಂದು ತೋರಿಸುವ ಪರೀಕ್ಷೆಯ ವರದಿ ಯಾರ ಬಳಿಯೂ ಇರಲಿಲ್ಲ. ಇತ್ತೀಚೆಗೆ ಗೋಡೆಯ ಬುಡದಲ್ಲಿ ಬಳಸಿ ಬಿಸಾಡಿದ ಇ-ಸಿಗರೇಟುಗಳೂ ಸಿಗುತ್ತಿವೆ. ಅದರಲ್ಲಿ ಲಿಥಿಯಂ ಬ್ಯಾಟರಿ ಇರುತ್ತದೆ, ಜಜ್ಜಿದರೆ ಬೆಂಕಿ ಹತ್ತಬಹುದು. ಅದನ್ನು ಮೋಟಿನ ಡಬ್ಬಕ್ಕೆ ಹಾಕುವ ಹಾಗಿಲ್ಲ, ವಿದ್ಯುನ್ಮಾನ ಕಸದ ಪೆಟ್ಟಿಗೆಗೆ ಬೇರೆಯಾಗಿ ಕಳಿಸುತ್ತೇವೆ.

ಈಗ ತಿಂಗಳಿಗೊಂದು ದಿನ ಎಣಿಕೆ ಮುಂದುವರಿದಿದೆ. ನಕ್ಷೆಯ ಐದು ಕೆಂಪು ಜಾಗಗಳಲ್ಲಿ ಮೂರು ಬಹಳ ತೆಳುವಾಗಿವೆ. ಹಿಂದಿನ ಗೇಟಿನಲ್ಲಿ ಮೊದಲು ಒಂದು ಬಕೆಟ್ ತುಂಬುತ್ತಿದ್ದದ್ದು ಈಗ ತಳ ಮುಚ್ಚುವಷ್ಟೇ. ಬಸ್ ಸ್ಟಾಪು ಮಾತ್ರ ಇನ್ನೂ ಹಠ ಹಿಡಿದಿದೆ. ಬಸ್ ಬಂದಾಗ ಡಬ್ಬದ ಕಡೆ ಎರಡು ಹೆಜ್ಜೆ ಹಿಂದೆ ಹೋಗಲು ಯಾರಿಗೂ ಸಮಯ ಇರುವುದಿಲ್ಲ. ಹೋದ ವಾರ ಅಕ್ಕ ಒಂದು ಮಾತು ಹೇಳಿದರು: "ಡಬ್ಬ ಹಿಂದೆ ಯಾಕೆ ಮೇಡಂ, ಬಸ್ಸಿನ ಬಾಗಿಲು ನಿಲ್ಲೋ ಕಡೆನೇ ಇಡಿ." ಬಸ್ಸಿನ ಬಾಗಿಲು ನಿಲ್ಲುವ ಜಾಗಕ್ಕೆ ಸುಣ್ಣದ ಗುರುತು ಹಾಕಿ ಬಂದಿದ್ದೇವೆ. ಕಂಬ ನೆಡಲು ಅನುಮತಿಯ ಪತ್ರ ಕಳಿಸಿದ್ದಾಗಿದೆ.